ಅರ್ಕಾವತ್ತು

ಮದುವೆ ಕಾಗದ ವಿಟ್ಲದಿಂದ ಪೆನ್‌ಡ್ರೈವಿನಲ್ಲಿ ಬಂತು,
ಅದನ್ನು ಜೇಬಿನಲ್ಲಿಟ್ಟುಕೊಂಡು ಮದುಮಗಳ ಸೋದರಮಾವ
ದೂಮಣ್ಣ ರೈ ಬಂದರು,
ಅವರ ಹಿಂದೆಯೇ ಅವರ ಅವಸರ.

ಪೆರ್ಲದ ಬಸ್‌ಸ್ಟ್ಯಾಂಡಿನೆದುರು ನನ್ನ ಅಂಗಡಿ.
ಒಂದು ಜೆರಾಕ್ಸ್, ಒಂದು ಪ್ರಿಂಟರ್,
ಶಾಲೆಯವರು ಏಲಂ ಹಾಕಿದಾಗ ಕೊಂಡ ಕಂಪ್ಯೂಟರ್,
ಅದರೊಳಗೆ ಶಾಲೆಯ ಕಾಲದ್ದೇ ಉಬುಂಟು.
ವಿಂಡೋಸ್ ಇಲ್ಲವಾ ಎಂದರು.
ಕಿಟಕಿ ಉಂಟು, ನಿಮ್ಮ ಬೆನ್ನ ಹಿಂದೆಯೇ ಉಂಟು, ಎಂದೆ.
ಅವರು ನಗಲಿಲ್ಲ.

ತೆರೆದೆ.
ಶ್ರೀ ಇರಬೇಕಾದಲ್ಲಿ
ಗಾಳಿಯಲ್ಲಿ ತೂಗುವ ಪುಟ್ಟದೊಂದು ಎರಡು,
ಬೆನ್ನಿಗೆ ಬೆನ್ನು ಅಂಟಿದ ಎ ಮತ್ತು ಇ,
ತಲೆಯ ಮೇಲೆ ಎರೆಹುಳು ಹೊತ್ತ ದೊಡ್ಡ ಎ.
ಗಣಪತಿಯೊಬ್ಬನೇ ಸರಿ ಇದ್ದ,
ಅವನಿಗೆ ಫಾಂಟು ಬೇಡವಲ್ಲ.

ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಐತ್ತಪ್ಪಣ್ಣ
ಕನ್ನಡಕ ಏರಿಸಿಕೊಂಡು ಎದ್ದರು.
ಮೂವತ್ತೊಂದು ವರ್ಷ ಲೈನ್‌ಮನ್,
ಅರುವತ್ತರ ನಂತರ ಲಿನಕ್ಸ್.
ಅವರದ್ದು ಒಂದೇ ಪಾಠ: ಕರೆಂಟು ಎಲ್ಲಿ ಹೋಯಿತೆಂದು
ಮನೆಯಲ್ಲಿ ಕೂತು ಹೇಳಬಾರದು,
ಕಂಬ ಕಂಬ ನಡೆಯಬೇಕು.
ಮೂರು ಮದುವೆ ಸೀಸನ್ನಿನಿಂದ ವಿದ್ಯುತ್ ಮಂಡಳಿಯ ಡೈರಿಯಲ್ಲಿ
ಬರೆದಿಟ್ಟಿದ್ದಾರೆ, ಯಾವ ಹುಳು ಯಾವ ಅಕ್ಷರ ಎಂದು.

ಇದನ್ನು ಹಾಕಿದ ದಿನ ನೆನಪುಂಟು.
ಯಾವ ಭಾಷೆ ಎಂದು ಕೇಳಿತು, ಕನ್ನಡ.
ಯಾವ ದೇಶ, ಭಾರತ.
ಮುಂದಿನ ಪುಟದಲ್ಲಿ ರಾಜ್ಯ ಕೇಳೀತೆಂದು
ಉತ್ತರ ತಯಾರು ಮಾಡಿಕೊಂಡು ಕೂತೆ.
ಅದು ಗಡಿಯಾರ ಕೇಳಿತು.

ನಾಲ್ಕೂವರೆಗೆ ಮಿಸ್ರಿಯಾ ಬಂದಳು,
ಹತ್ತನೇ ಕ್ಲಾಸು, ಬಾಯಾರಿನ ಬಸ್ಸು ಕಾಯುವವಳು,
ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ಮಲಯಾಳ,
ಪರೀಕ್ಷೆಯಲ್ಲಿ ಕನ್ನಡ.
ಡೈರಿಯ ಪಟ್ಟಿಯನ್ನೆಲ್ಲ ಒಂದು ಪ್ರೋಗ್ರಾಮಿಗೆ ಇಳಿಸಿದಳು.
ಎಂಟರ್ ಒತ್ತಿದಳು.

ಹುಳುಗಳೆಲ್ಲ ಅಕ್ಷರವಾದವು.
ಶ್ರೀ ಬಂತು, ಚಿರಂಜೀವಿ ಬಂತು,
ಚಿಕ್ಕಮ್ಮಂದಿರೆಲ್ಲ ಸಾಲಾಗಿ ಬಂದರು.
ದೂಮಣ್ಣ ರೈ ಬೆರಳಿಟ್ಟು ಓದುತ್ತಾ ನಿಂತುಬಿಟ್ಟರು:
ಈ ಊಮಿರ್ಳಾ ಯಾರು?

ಮುಹೂತರ್ದಲ್ಲಿ.
ಆಶೀವರ್ದಿಸಿ.

ಎಂತ ಮಾರಾಯ್ತಿ ಇದು, ಎಂದರು ಐತ್ತಪ್ಪಣ್ಣ.
ಮಿಸ್ರಿಯಾ ಉತ್ತರಿಸಲಿಲ್ಲ, ಬಾಯಲ್ಲೇ ಹೇಳಿಕೊಂಡಳು:
ಊ, ರ್, ಮಿ. ಊ, ರ್, ಮಿ.
ಆಮೇಲೆ ಪರದೆಗೆ ಉಗುರು ತಾಗಿಸಿ,
ಅರ್ಕಾವತ್ತು ಅಣ್ಣಾ, ಎಂದಳು.
ಬಾಯಿಗೆ ಮೊದಲು ಬರುವುದು ಕಣ್ಣಿಗೆ ಆಮೇಲೆ.
ಆಚೆಯವರ ಹಳೆ ಫಾಂಟು ಕಣ್ಣನ್ನು ಕೇಳಿ ಬರೆದದ್ದು,
ಇದು ಬಾಯಿಯನ್ನು ಕೇಳುತ್ತದೆ.

ಎರಡೇ ಸಾಲು ಸೇರಿಸಿದಳು.
ರ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು,
ಪರದೆಯ ಮೇಲೆ ಮಾತ್ರ
ಎಂದಿನಂತೆ ಬಾಲದ ಹಾಗೆ ಹಿಂದೆ.
ಬಾಯಾರಿನ ಬಸ್ಸು ಹೋಯಿತು. ಅವಳು ನೋಡಲಿಲ್ಲ.

ಇನ್ನು ಪ್ರಿಂಟರ್.
ಹಳದಿ ಶಾಯಿ ಮುಗಿದಿದೆಯಂತೆ,
ಹಳದಿ ಇಲ್ಲದೆ ಕಪ್ಪನ್ನೂ ಕೊಡುವುದಿಲ್ಲವಂತೆ.
ಐತ್ತಪ್ಪಣ್ಣ ಕರಿ ಪರದೆ ತೆರೆದು
ಸಾಲಿನಲ್ಲಿ ಸಿಕ್ಕಿಬಿದ್ದ ಕೆಲಸಗಳನ್ನು ಒಂದೊಂದಾಗಿ ಕಳಚಿದರು,
ಬರಿ ಕಪ್ಪು ಸಾಕು ಎಂದು ಅದಕ್ಕೆ ತಿಳಿಸಿದರು,
ಆರಿಸಿದರು, ಹತ್ತು ಎಣಿಸಿದರು, ಹಚ್ಚಿದರು.
ದೂಮಣ್ಣ ರೈ ಮೊದಲ ಸಲ ನಕ್ಕರು:
ಅರಸಿನ ನಮ್ಮ ಮನೆಯಲ್ಲಿ ಉಂಟು ಮಾರಾಯ್ರೆ,
ಮೂಲೆಗೆ ನಾವೇ ಹಚ್ಚುತ್ತೇವೆ.

ಇನ್ನೂರೈವತ್ತು ಕಾಗದ.
ಮಿಸ್ರಿಯಾ ರೈಗಳ ಜೀಪಿನಲ್ಲಿ ಮನೆಗೆ ಹೊರಟಳು,
ಇಳಿದು ಮತ್ತೆ ಓಡಿ ಬಂದಳು.
ಅಕ್ಕಾ, ಪ್ರೋಗ್ರಾಮಿಗೆ ಹೆಸರು ಕೊಡದೆ ಬಂದೆ,
ಎಂತ ಇಡಲಿ?

ಈಗಲೂ ಆಚೆಯಿಂದ ಹಳೆ ಕಾಗದ ಬಂದರೆ
ಕರಿ ಪರದೆಯಲ್ಲಿ ಅವಳನ್ನು ಕರೆಯುತ್ತೇನೆ:
ಊಮಿರ್ಳಾ.
ಒಂದು ಅಕ್ಷರ ತಪ್ಪಿದರೂ
ಅಂಥವರು ಯಾರೂ ಇಲ್ಲ ಎನ್ನುತ್ತದೆ.